ಮೂರು ಭಾನುವಾರದ ಉದ್ಯೋಗ

ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ: ವಧು ಯಾರು, ವರ ಯಾರು, ಏನು ಕೆಲಸ; ಆಕ್ಷೇಪವಿದ್ದವರು ಈಗಲೇ ಹೇಳಬೇಕು. ಮೊದಲ ಭಾನುವಾರ ಬೀದರಿನ ನಮ್ಮ ಪಾಸ್ಟರು ನನ್ನನ್ನು ಸಾಫ್ಟ್‌ವೇರ್ ಎಂಜಿನಿಯರ್ ಎಂದು ಓದಿಬಿಟ್ಟರು. ನಾನು ಎಂಜಿನಿಯರಿಂಗ್ ಓದಿದವಳಲ್ಲ. ಬಿ.ಎಸ್ಸಿ. ಮುಗಿಸಿ ಪ್ರೋಗ್ರಾಂ ಬರೆಯುವುದನ್ನು ಸ್ವಂತವಾಗಿ ಕಲಿತು, ಮನೆಯಲ್ಲೇ ಕೂತು ಒಂದು ಕಂಪನಿಗೆ ಬರೆದುಕೊಡುತ್ತೇನೆ. ಅದಕ್ಕೆ ಪ್ರೋಗ್ರಾಮರ್ ಎಂಬ ಹೆಸರಿದೆ. ಇಲ್ಲದ ಪದವಿಯನ್ನು ಚರ್ಚಿನಲ್ಲಿ ಓದಿಸಿಕೊಂಡು ಗಂಡನ ಮನೆಗೆ ಹೋಗಲು ನನಗೆ ಮನಸ್ಸಿರಲಿಲ್ಲ.

ಹಾಗೆ ಹೇಳಿಕೊಟ್ಟವರು ಸೋದರಮಾವ.

"ಪ್ರೋಗ್ರಾಮರ್ ಅಂದ್ರ ಯಾರಿಗಿ ತಿಳೀತದ? ಎಂಜಿನಿಯರ್ ಅಂದ್ರ ಹಿಂದಿನ ಬೆಂಚಿನ ಮುದುಕಿನೂ ತಲಿ ಎತ್ತಿ ನೋಡ್ತಾಳ."

"ನಾ ಅದು ಓದೇ ಇಲ್ಲಲ್ಲ ಮಾಮಾ!"

"ಯಾರು ಸರ್ಟಿಫಿಕೇಟ್ ಕೇಳ್ಯಾರ ನಿನಗ?"

ಪಾಸ್ಟರಿಗೆ ನಾನೇ ಫೋನ್ ಮಾಡಿ ಬಿಡಿಸಿ ಹೇಳಿದೆ. ಎರಡನೆಯ ಭಾನುವಾರ ಅವರು "ಕಂಪ್ಯೂಟರ್ ಆಪರೇಟರ್" ಎಂದರು. ಆರಾಧನೆ ಮುಗಿಯುವಷ್ಟರಲ್ಲಿ ಸುದ್ದಿ ಹುಡುಗನ ಮನೆಯಿರುವ ಭಾಲ್ಕಿ ಮುಟ್ಟಿತ್ತು. ಅತ್ತೆಯಾಗುವವರ ಫೋನು: "ಏನವ್ವಾ, ಒಂದು ವಾರದಾಗ ಕೆಲಸ ಹೋತೇನು?"

ಹುಡುಗ ಔರಾದಿನ ಶಾಲೆಯೊಂದರಲ್ಲಿ ಮಾಸ್ತರ. ಅವನಿಗೆ ಎಲ್ಲ ಗೊತ್ತಿತ್ತು.

"ನಿಮ್ಮವ್ವಗ ನೀ ಯಾಕ ಹೇಳಿಲ್ಲ?"

"ನಾ ಹೇಳಿದ್ರ ಆಕಿ ಕೇಳ್ತಾಳೇನು? ಭಾಲ್ಕಿಗಿ ಬಂದು ನೀನೇ ಹೇಳು."

ಮೂರನೆಯ ಪ್ರಕಟಣೆ ಭಾಲ್ಕಿಯ ಅವರ ಚರ್ಚಿನಲ್ಲಿ. ಬಾಗಿಲಲ್ಲೇ ಹೇಳಿದೆ: "ಅತ್ತಿ, ನಾ ಎಂಜಿನಿಯರ್ ಅಲ್ರಿ. ಆಪರೇಟರೂ ಅಲ್ರಿ. ಕಂಪ್ಯೂಟರ್ ಏನು ಮಾಡಬೇಕಂತ ಬರೀತೇನಿ. ಪ್ರೋಗ್ರಾಮರ್."

ಅವರು ಮೊದಲು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದರು ಎಂದು ನನ್ನ ನೆನಪು. ಅವ್ವ ತಟ್ಟನೆ ಉತ್ತರ ಕೊಟ್ಟಳು ಎನ್ನುತ್ತಾನೆ ಗಂಡ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಮಾತು ಮಾತ್ರ ಇದೇ:

"ಎಂಜಿನಿಯರ್ ಸೊಸಿ ಅಂತ ಭಾಲ್ಕಿ ತುಂಬಾ ಹೇಳ್ಕೊಂಡು ಬಂದೀನಲ್ಲ, ಅದಕ್ಕೇನು ಮಾಡ್ಲಿ? ನಡಿ ಒಳಗ."

ಅಲ್ಲಿನ ಪಾಸ್ಟರು ಸರಿಯಾಗಿ "ಪ್ರೋಗ್ರಾಮರ್" ಎಂದು ಓದಿದರು. ಅಬ್ಬಾ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನ ಹೆಂಗಸು ಅತ್ತೆಯ ಭುಜ ತಟ್ಟಿ ಕೇಳಿದಳು, "ಎಂಜಿನಿಯರ್ ಅಂದಿದ್ರಲ್ರಿ?"

"ಇದು ಅದಕ್ಕಿಂತ ಮ್ಯಾಲಿಂದದ. ಸುಮ್ನ ಕೂಡ್ರಿ."

"ಆಕ್ಷೇಪವಿದ್ದವರು ಈಗಲೇ ಹೇಳಬೇಕು," ಎಂದರು ಪಾಸ್ಟರು.

ಇಡೀ ಚರ್ಚಿನಲ್ಲಿ ಆಕ್ಷೇಪವಿದ್ದವಳು ನಾನೊಬ್ಬಳೇ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಪ್ರೀತಿಯಿಂದಲೋ, ನಾನು ಎದ್ದು ನಿಲ್ಲದಿರಲೆಂದೋ, ಇವತ್ತಿಗೂ ಗೊತ್ತಾಗಿಲ್ಲ.