ಮೇಲೆ ಬಂದ ಚಿಪ್ಪುಗಳು

ಉನೈಸಿ ಕೆಸರನ್ನು ಕಾಲಿನಿಂದ ನೋಡುತ್ತಿದ್ದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ನದಿ ಕಡಲು ಸೇರುವ ಈ ಹಳ್ಳಿಗೆ ಬಂದಾಗ ಅತ್ತೆ ಮೊದಲು ಕಲಿಸಿದ್ದೇ ಅದನ್ನು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗೆ ಇಳಿಯಬೇಕು, ಹಿಮ್ಮಡಿ ಊರಿ ಬೆರಳಿನಿಂದ ತಡಕಬೇಕು. ಕೂದಲಿನಂತೆ ತಾಗಿದರೆ ಹುಳದ ಗೂಡು. ಕಾಲು ಸರ್ರನೆ ಒಳಗಿಳಿದರೆ ಏಡಿಯ ಬಿಲ. ದುಂಡಗೆ, ಗೀರುಗೀರಾಗಿ ಸಿಕ್ಕಿದರೆ ಕೈಕೋಸೊ ಎಂಬ ತಿನ್ನುವ ಚಿಪ್ಪು. ಅವಳ ಆರು ಮಕ್ಕಳಿಗೂ ಅನ್ನಕ್ಕೆ ಮೊದಲು ನಾಲಗೆಗೆ ತಾಗಿದ್ದು ಆ ಚಿಪ್ಪಿನ ಸಾರೇ. ಒಂದಕ್ಕೂ ಹೊಟ್ಟೆ ಕೆಡಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಮೂರನೆಯದಕ್ಕೆ ಕೆಟ್ಟಿತ್ತು, ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವಳಿಗೆ ಅರವತ್ತೊಂದಾದ ವರ್ಷ ಊರಿನ ಮುಖ್ಯಸ್ಥ ತೀರಿಕೊಂಡ. ಪದ್ಧತಿಯಂತೆ ಅವನ ಗೌರವಕ್ಕೆ, ಚಿಪ್ಪು ಹೆಕ್ಕುವ ಕೆಸರು ದಿಣ್ಣೆಯನ್ನು ಒಂದು ವರ್ಷ ಮುಚ್ಚಿದರು. ಮುಚ್ಚಿದ ನೀರಿಗೆ ಯಾರೂ ಕಾಲಿಡುವಂತಿಲ್ಲ, ಉನೈಸಿಯೂ ಇಡುವಂತಿಲ್ಲ. ಅದೇ ವರ್ಷ ನದಿಯ ಮೇಲುಗಡೆ ಹೂಳೆತ್ತುವ ಯಂತ್ರ ಬಂತು, ಹೊಸ ಬಡಾವಣೆಯ ಕೊಳಚೆಯೂ ನದಿಗೆ ಸೇರಿತು. ನೀರು ಕಂದಿದ್ದು ದಡದಿಂದಲೇ ಎಲ್ಲರಿಗೂ ಕಾಣುತ್ತಿತ್ತು. ಅಡಿಯಲ್ಲಿ ಏನಾಗಿದೆ ಎಂದು ನೋಡಿದವರು ಯಾರೂ ಇರಲಿಲ್ಲ.

ದಿಣ್ಣೆ ತೆರೆಯುವ ದಿನ ಮೊದಲ ಹೆಜ್ಜೆ ಉನೈಸಿಯದು. ದಡದಲ್ಲಿ ಸೊಸೆ ಕೆಲೆರಾ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಅತ್ತೆ, ಈ ನೀರಿಂದು ಮಗೂಗೆ ಬೇಡ. ಬಣ್ಣ ನೋಡಿ."

"ನೀವು ಸುವಾ ಪೇಟೆಯೋರು ಕುದಿಸಿದ ನೀರಿಗೂ ಹೆದರ್ತೀರ. ಸುಮ್ನಿರು."

ಉನೈಸಿ ಇಳಿದಳು. ತಡಕುವ ಕೆಲಸವೇ ಇರಲಿಲ್ಲ. ಚಿಪ್ಪುಗಳು ಕೆಸರಿನ ಮೇಲೆಯೇ ಬಿದ್ದುಕೊಂಡಿದ್ದವು, ನೂರಾರು. ಅತ್ತೆ ಹೇಳುತ್ತಿದ್ದ ಕಥೆ ನೆನಪಾಯಿತು. ಹಿಂದೆ ಒಮ್ಮೆ ದಿಣ್ಣೆಯನ್ನು ಬಹಳ ಕಾಲ ಮುಚ್ಚಿದ್ದಾಗ ಒಳಗೆ ಜಾಗ ಸಾಲದೆ ಚಿಪ್ಪು ಮೇಲೆ ಬಂದಿತ್ತಂತೆ. ಅವಳು ಎರಡೂ ಕೈ ಎತ್ತಿ ಕೂಗಿದಳು: "ತುಂಬಿದೆ! ಬನ್ನಿ!"

ಹೆಂಗಸರು ನಗುತ್ತಾ ನುಗ್ಗಿದರು. ಅರ್ಧ ಗಂಟೆಯಲ್ಲಿ ಬುಟ್ಟಿಗಳು ತುಂಬಿದವು. ಮಧ್ಯಾಹ್ನ ತೀರಿಕೊಂಡ ಮುಖ್ಯಸ್ಥನ ಹೆಸರಿನಲ್ಲಿ ಇಡೀ ಊರಿಗೆ ತೆಂಗಿನ ಹಾಲಲ್ಲಿ ಬೇಯಿಸಿದ ಚಿಪ್ಪಿನ ಊಟ ಆಗಬೇಕಿತ್ತು.

ಕೈಗೆ ಕೆಲಸವಿಲ್ಲದೆ ಉನೈಸಿ ಸುಮ್ಮನೆ ಅಡ್ಡಾಡಿದಳು. ಆಗ ಕಾಲು ತನ್ನ ಕೆಲಸ ಶುರುಮಾಡಿತು. ಕೂದಲಿನಂಥದ್ದು ಎಲ್ಲೂ ತಾಗಲಿಲ್ಲ. ಒಂದು ಬಿಲವೂ ಸಿಗಲಿಲ್ಲ. ಬೆರಳಿನಿಂದ ಕೆದಕಿದರೆ ಮಸಿಯಂಥ ಕೆಸರು, ಕೊಳೆತ ಮೊಟ್ಟೆಯ ವಾಸನೆ. ಬಾಯಿ ಬಿಟ್ಟಿದ್ದ ಒಂದು ಚಿಪ್ಪನ್ನು ಎತ್ತಿ ಉಗುರಿನಿಂದ ತಟ್ಟಿದಳು. ಜೀವವಿದ್ದರೆ ಮುಚ್ಚಿಕೊಳ್ಳಬೇಕಿತ್ತು, ಅದು ಮುಚ್ಚಿಕೊಳ್ಳಲಿಲ್ಲ. ಇನ್ನೊಂದನ್ನು ತಟ್ಟಿದಳು. ಅದು ಅರ್ಧ ಮುಚ್ಚಿ ಹಾಗೇ ನಿಂತಿತು. ಇವು ಜಾಗ ಸಾಲದೆ ಬಂದವಲ್ಲ, ಕೆಳಗೆ ಉಸಿರು ಕಟ್ಟಿ ಬಂದವು.

"ಸುರೀರಿ," ಎಂದಳು. "ಎಲ್ಲಾನೂ ಸುರೀರಿ. ಇದನ್ನ ತಿನ್ನೋ ಹಾಗಿಲ್ಲ."

ನಾದಿನಿ ತಿತಿಲಿಯಾ ಬುಟ್ಟಿಯನ್ನು ಸೊಂಟಕ್ಕೆ ಇನ್ನಷ್ಟು ಒತ್ತಿಕೊಂಡಳು. "ಅಲ್ಲ ಅತ್ತಿಗೆ, ಈಗ ತಾನೇ ತುಂಬಿದೆ ಅಂತ ಕೂಗಿದ್ದು ಯಾರು, ನಿನ್ನ ದೆವ್ವಾನಾ?"

"ನಾನೇ ಕಣೇ. ಬಾಯಿ ಮುಂದೆ ಓಡಿತು, ಕಾಲು ಆಮೇಲೆ ಬಂತು."

"ನಿನ್ನ ಸೊಸೆ ಹೆದರಿಕೆ ನಿಂಗೂ ಅಂಟಿಕೊಳ್ತು ಬಿಡು."

"ಹಾಗೇ ಅಂದ್ಕೋ. ಇಲ್ಲಿ ಒಂದು ಹುಳ ಹುಡುಕಿಕೊಡು. ಸಿಕ್ಕರೆ ಮೊದಲ ತುತ್ತು ನಾನೇ ತಿಂತೀನಿ."

ತಿತಿಲಿಯಾ ಬುಟ್ಟಿ ಇಟ್ಟು, ಮೊಣಕೈ ತನಕ ಕೈ ಹಾಕಿ ಅಲ್ಲಿ ಇಲ್ಲಿ ಬಗೆದಳು. ಕೈ ತೆಗೆದು ಮೂಸಿ ಮುಖ ತಿರುಗಿಸಿದಳು. ಬುಟ್ಟಿಯನ್ನು ಮೊದಲು ಬೋರಲು ಹಾಕಿದವಳು ಅವಳೇ.

ಮುಖ್ಯಸ್ಥನ ಮನೆಯ ಪರವಾಗಿ ಮಾತಾಡುವವನು ಇಲಾಯಿತಿಯಾ. ಒಲೆಗಳ ಹತ್ತಿರ ಉನೈಸಿ ಅವನ ಮುಂದೆ ಚಾಪೆಯ ಮೇಲೆ ಕುಳಿತು ವಿಷಯ ಹೇಳಿದಳು.

"ಸತ್ತವರ ಹೆಸರಿನ ಊಟ ಇದು, ಉನೈಸಿ. ಚಿಪ್ಪೇ ಇಲ್ಲ ಅಂದ್ರೆ ಜನಕ್ಕೆ ಏನು ಹೇಳ್ಲಿ?"

"ಉನೈಸಿ ತಪ್ಪು ಕೂಗಿದ್ಲು ಅಂತ ಹೇಳಿ. ಇಲ್ಲಾಂದ್ರೆ ನಾನೇ ಎದ್ದು ಹೇಳ್ತೀನಿ."

ಅವಳೇ ಹೇಳಿದಳು. ಊಟಕ್ಕೆ ಮರಗೆಣಸು, ಕೆಸುವಿನ ಗಡ್ಡೆ, ಡಬ್ಬಿ ಮೀನು ಬಡಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉನೈಸಿ ಅದನ್ನು ಕೇಳಿಸಿಕೊಂಡು ಕೂತಿದ್ದಳು.

ಸಂಜೆಯೇ ದಿಣ್ಣೆಯನ್ನು ಮತ್ತೆ ಮುಚ್ಚಿದರು. ಆದರೆ ಈ ಸಲ ತಿಂಗಳಿಗೊಮ್ಮೆ ಒಬ್ಬಳು ಇಳಿದು ನೋಡಬೇಕೆಂದು ಇಲಾಯಿತಿಯಾ ಗೊತ್ತುಮಾಡಿದ. ಆ ಕೆಲಸ ಉನೈಸಿಗೇ ಬಂತು. ಐದು ತಿಂಗಳು ಅವಳು ಇಳಿದು, ಏನೂ ಇಲ್ಲವೆಂದು ಹೇಳಿ, ಕಾಲು ತೊಳೆದುಕೊಂಡು ಹೋದಳು.

ಆರನೆಯ ತಿಂಗಳು ದಡದಲ್ಲಿ ಕೆಲೆರಾ ಕೇಳಿದಳು, "ಸರಿಹೋಯ್ತಾ ಅತ್ತೆ?"

"ಏಡಿ ಬಿಲ ಎರಡಿದೆ."

"ಹಾಗಾದ್ರೆ ಒಳ್ಳೇದಾಯ್ತು ಅಂತ ತಾನೇ?"

"ಎರಡಿದೆ ಅಂದೆ. ಒಳ್ಳೇದು ಅಂದ್ನಾ?" ಎಂದಳು ಉನೈಸಿ.