ಸಾಲಿನ ಕೊನೆಗೆ ನಡೆದವಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ನಾವು ಹಿಮ ನೋಡಲು ಹೋದದ್ದು ಎಪ್ಪತ್ತೈದರಲ್ಲೋ ಎಪ್ಪತ್ತಾರರಲ್ಲೋ ಎಂಬ ವಿಷಯದಲ್ಲೇ ನನಗೂ ಅಪ್ಪನಿಗೂ ಒಮ್ಮತವಿಲ್ಲ. ಕುಲ್ಲೂ ಕಣಿವೆಯ ಮೇಲಿನ ಆ ಬೆಟ್ಟದ ಹೆಸರಂತೂ ನೆನೆದಾಗಲೆಲ್ಲ ಬೇರೆಯಾಗಿ ನೆನಪಾಗುತ್ತದೆ. ದಿನಚರಿ ಬರೆಯುವ ಚಟ ನನಗೆ ಆಗಲೇ ಇತ್ತು. ಸಹಾಯವಾದೀತೆಂದು ತೆಗೆದು ನೋಡಿದರೆ ಆ ದಿನದ ಪುಟದಲ್ಲಿ "ವಿಪರೀತ ಚಳಿ. ಕಾಲುನೋವು. ದಶಮಿ ಮುಗಿದವು" ಎಂದಷ್ಟೇ ಇದೆ. ಸಾಹಿತ್ಯ ಓದುತ್ತಿದ್ದ ಹುಡುಗಿ ಮೊದಲ ಸಲ ಹಿಮಾಲಯ ಕಂಡು ಬರೆದದ್ದು ಇಷ್ಟು. ಹಾಲಿನಲ್ಲಿ ಕಲಸಿ ಬೇಯಿಸಿದ ರೊಟ್ಟಿ ಮುಗಿದುಹೋದದ್ದೇ ಅವಳಿಗೆ ದೊಡ್ಡ ದುಃಖವಾಗಿತ್ತು.

ಇದೆಲ್ಲ ನೆನಪಾಗಲು ಕಾರಣ ಒಂದು ಸೀಟಿ. ನೆರೂಳಿನ ನಮ್ಮ ಮನೆಯ ಹಿಂದೆ ಶಾಲೆಯ ಮೈದಾನವಿದೆ. ಮೈದಾನವೆಂದರೆ ಇನ್ನೂ ಕಟ್ಟಡ ಏಳದ ಜಾಗ, ಅಷ್ಟೆ. ಮೊನ್ನೆ ಬೆಳಿಗ್ಗೆ ಅಲ್ಲಿ ಡ್ರಿಲ್ ಮಾಸ್ತರರು ಮಕ್ಕಳನ್ನು ಸಾಲು ಮಾಡಿಸುತ್ತ ಒಂದು ಉದ್ದನೆಯ ಸೀಟಿ ಊದಿದರು. ಡೊಂಬಿವಲಿಯಿಂದ ಬಂದಿದ್ದ ಇಂದೂ ಅತ್ತಿ ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಮೆಂತೆಪಲ್ಯ ಸೋಸುತ್ತಿದ್ದಳು. ಅವಳ ಕೈ ನಿಂತಿತು. ತುಟಿಗಳು ತುಸು ಮುಂದೆ ಬಂದವು. ಮತ್ತೆ ಎಲೆ ಬಿಡಿಸತೊಡಗಿದಳು. ಇಷ್ಟೇ ಆದದ್ದು. ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲ.

ಇಂದೂ ಅತ್ತಿ ನನ್ನ ಅಪ್ಪನ ತಂಗಿ. ನಾವು ಹಿಮ ನೋಡಲು ಹೋದಾಗ ಅವಳಿಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬೋರಿಬಂದರಿನ ಹತ್ತಿರ ಯಾವುದೋ ಆಫೀಸಿನಲ್ಲಿ ಟೈಪಿಸ್ಟ್. ಡೊಂಬಿವಲಿಯ ಚಾಳೊಂದರ ಎರಡು ಖೋಲಿಗಳಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ಮತ್ತು ಅವಳು. ಅಪ್ಪನ ಕಂಪನಿಗೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಮನೆ ನಡೆಯುತ್ತಿದ್ದದ್ದು ಅತ್ತಿಯ ಸಂಬಳದಲ್ಲಿ. ನನ್ನ ಕಾಲೇಜೂ ಅದರಲ್ಲೇ. ಈ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಡದ ಮಾತಾದ್ದರಿಂದ ಅದು ಎಲ್ಲರಿಗೂ ಸದಾ ಗೊತ್ತಿರುತ್ತಿತ್ತು.

ಅವಳು ಎಲ್ಲದರಲ್ಲೂ ಕೊನೆ. ನಲ್ಲಿಯ ನೀರು ಎಲ್ಲರದೂ ಆದ ಮೇಲೆ ಅವಳಿಗೆ. ಊಟವೂ ಹಾಗೇ. ಯಾರೂ ಹಾಗೆ ಮಾಡೆಂದು ಹೇಳಿದವರಲ್ಲ. "ನಂದೇನದ, ಆಮ್ಯಾಲೆ ಆಗ್ತದ ತಗೋ" ಎಂದು ಅವಳೇ ಹಿಂದೆ ಸರಿಯುತ್ತಿದ್ದಳು. ಮೊದಲಾಗಿ ಅವಳು ಏನಾದರೂ ಮಾಡುತ್ತಿದ್ದರೆ ಅದು ಲೋಕಲ್ ಹತ್ತುವುದು ಮಾತ್ರ. ಗಾಡಿ ಇನ್ನೂ ನಿಲ್ಲುವ ಮೊದಲೇ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರದೋ ಮೊಳಕೈ ಕೆಳಗಿಂದ ನುಸುಳಿ ಒಳಗೆ ಹೋಗಿರುತ್ತಿದ್ದಳು. ಅವಳ ಕಾಲಿನ ಶಕ್ತಿಯೆಲ್ಲ ಅಲ್ಲಿ ಬೆಳೆದದ್ದು ಎಂದು ನನ್ನ ಊಹೆ.

ಆಫೀಸಿನ ಗೆಳತಿಯೊಬ್ಬಳು ಅವಳನ್ನು ಠಾಣೆಯ ಗಿರಿಭ್ರಮಣ ಮಂಡಳಿಯೊಂದಕ್ಕೆ ಸೇರಿಸಿದಳು. ಭಾನುವಾರಗಳಂದು ಕಲ್ಯಾಣದಿಂದ ಬಸ್ಸು ಹಿಡಿದು ಮಲಂಗಗಡದ ಬುಡಕ್ಕೆ ಹೋಗುವುದು, ಹತ್ತುವುದು, ಇಳಿಯುವುದು. ಅಜ್ಜಿ ಒಂದು ಷರತ್ತಿನ ಮೇಲೆ ಒಪ್ಪಿದಳು.

"ಒಬ್ಬಾಕೀನ ಗಂಡಸರ ಸಂಗತೀಲೆ ಗುಡ್ಡಾ ಹತ್ತಬ್ಯಾಡ. ಈ ಹುಡುಗೀನ್ನ ಕರ್ಕೊಂಡು ಹೋಗು."

ಹೀಗೆ ನಾನು ಕಾವಲಿಗೆ ಹೋದೆ. ಕಾವಲುಗಾರ್ತಿಗೆ ಅರ್ಧ ಗುಡ್ಡಕ್ಕೇ ಏದುಸಿರು. ಅತ್ತಿ ಮನೆಯಿಂದ ಸೀರೆ ಉಟ್ಟೇ ಹೊರಡುತ್ತಿದ್ದಳು, ಒಳಗೆ ನನ್ನ ಸಲವಾರ. ಕಲ್ಯಾಣ ಸ್ಟೇಶನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಸೀರೆ ಬಿಚ್ಚಿ ಮಡಿಚಿ ಚೀಲಕ್ಕೆ ತುರುಕಿ ಹೊರಬಂದರೆ ಬೇರೆಯೇ ಹೆಂಗಸು. ಸಂಜೆ ಅದೇ ಕೋಣೆಯಲ್ಲಿ ಮತ್ತೆ ಸೀರೆ. "ನಮ್ಮ ಚಾಳಿನ ಮಂದಿ ನೋಡಿದ್ರ ಒಂದು ವಾರ ಅಕ್ಕಿ ಆರಿಸೂ ಹೊತ್ತಿಗೆ ನಾನ ವಿಷಯ" ಎಂದು ನಗುತ್ತಿದ್ದಳು. ಆ ನಗುವನ್ನು ನಾನು ಕೇಳಿದ್ದು ಕಲ್ಯಾಣದ ಆಚೆಗೆ ಮಾತ್ರ. ಮನೆಯಲ್ಲಿ ಅವಳು ನಗುತ್ತಲೇ ಇರಲಿಲ್ಲವೆ? ನಕ್ಕಿರಬೇಕು. ನೆನಪು ತನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆದಿದೆ.

ಮಂಡಳಿಯಲ್ಲಿ ನಡೆಯುವುದಕ್ಕೊಂದು ಕ್ರಮವಿತ್ತು. ಎಲ್ಲರಿಗಿಂತ ನಿಧಾನದವರು ಮುಂದೆ, ಮುಖಂಡನ ಬೆನ್ನಿಗೆ. ಎಲ್ಲರಿಗಿಂತ ಗಟ್ಟಿಗರು ಕೊನೆಗೆ. ನಡುವಿನವರು ಯಾರೂ ಹಿಂದೆ ಹೊರಳಿ ನೋಡಬಾರದು, ಕಣ್ಣು ತಮ್ಮ ಹೆಜ್ಜೆಯ ಮೇಲಿರಬೇಕು. ಮುಖಂಡ ಒಂದು ಉದ್ದನೆಯ ಸೀಟಿ ಊದಿದರೆ ಕೊನೆಯವರು ಎರಡು ಗಿಡ್ಡ ಸೀಟಿ ಊದಿ ಉತ್ತರಿಸಬೇಕು: ಎಲ್ಲರೂ ಸರಿಯಾಗಿದ್ದೇವೆ, ನೀವು ನಡೆಯಿರಿ. ಉತ್ತರ ಬಾರದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಕೆಲವೇ ಭಾನುವಾರಗಳಲ್ಲಿ ಅತ್ತಿ ಸಾಲಿನ ಬಾಲಕ್ಕೆ ಹೋದಳು. ಅದು ಅವಳಿಗೆ ಸಂದ ಗೌರವ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಿಯೂ ಕೊನೆಗೇ ಬಂದಳಲ್ಲ ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ನನಗಂತೂ ಅನ್ನಿಸಲಿಲ್ಲ.

ಮುಖಂಡರು ದಾಮಲೆ ಎಂಬ ಮರಾಠಿ ಗೃಹಸ್ಥರು. ಠಾಣೆಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ನಲವತ್ತರ ಹತ್ತಿರ, ಒಂಟಿ, ಮಾತು ಕಡಿಮೆ. ಅವರು ಸಾಲಿನ ತಲೆಗೆ, ಅತ್ತಿ ಬಾಲಕ್ಕೆ, ನಡುವೆ ನಾವೆಲ್ಲ. ಇಬ್ಬರೂ ಜೊತೆಯಾಗಿ ನಡೆದದ್ದನ್ನು ನಾನು ಕಂಡಿಲ್ಲ. ಆದರೆ ದಾಮಲೆ ಬೇಕಾದ್ದಕ್ಕಿಂತ ಹೆಚ್ಚು ಸಲ ಸೀಟಿ ಊದುತ್ತಾರೆಂದು ಮಂಡಳಿಯ ಹುಡುಗಿಯರು ಕಣ್ಣು ಮಿಟುಕಿಸುತ್ತಿದ್ದರು. ಸಪಾಟು ದಾರಿಯಲ್ಲೂ ಊದುತ್ತಿದ್ದರು. ಹಿಂದಿನಿಂದ ಎರಡು ಗಿಡ್ಡ ಉತ್ತರಗಳು ಕೂಡಲೇ ಬರುತ್ತಿದ್ದವು.

ಆ ಮೇ ತಿಂಗಳಲ್ಲಿ ಮಂಡಳಿ ಹಿಮಾಲಯಕ್ಕೆ ಹೊರಟಿತು. ಡೊಂಬಿವಲಿಯಲ್ಲಿ ಫ್ಯಾನಿನ ಗಾಳಿಯೂ ಬಿಸಿ. ಅಜ್ಜಿ ಬೆವರು ಒರೆಸಿಕೊಳ್ಳುತ್ತ ನಮಗಾಗಿ ಉಣ್ಣೆಯ ಸ್ವೆಟರ್‌ಗಳನ್ನು ಬಿಸಿಲಿಗೆ ಹರವಿದಳು. ಅಮ್ಮ ದಶಮಿ ಬೇಯಿಸಿ, ಶೇಂಗಾ ಚಟ್ನಿಪುಡಿ ಕುಟ್ಟಿ ಸ್ಟೀಲಿನ ಡಬ್ಬಿಗೆ ತುಂಬಿದಳು. ಕಲ್ಯಾಣದಲ್ಲಿ ಉತ್ತರಕ್ಕೆ ಹೋಗುವ ಮೇಲ್ ಗಾಡಿ ಹತ್ತುವಾಗ ಅತ್ತಿ ಸೀರೆ ಬದಲಿಸಲು ವೇಟಿಂಗ್ ರೂಮಿಗೆ ಹೋಗಲಿಲ್ಲ, ಗಾಡಿಯೊಳಗೇ ಬಿಚ್ಚಿ ಮಡಿಚಿದಳು. ಮತ್ತೆ ಬೇಗ ಉಡುವ ವಿಚಾರ ಅವಳಿಗಿದ್ದಂತಿರಲಿಲ್ಲ.

ಬೆಟ್ಟದ ಬುಡದಲ್ಲಿ ಡೇರೆ ಹಾಕಿದ ಸಂಜೆ ನಾನು ಒಲೆಯ ಪಕ್ಕ ಕಾಲು ಬೆಚ್ಚಗೆ ಮಾಡಿಕೊಳ್ಳುತ್ತ ಕೂತಿದ್ದೆ. ಡೇರೆಯ ಆಚೆ ಬದಿಯಲ್ಲಿ ದಾಮಲೆ ಅತ್ತಿಗೆ ಮರಾಠಿಯಲ್ಲಿ ಹೇಳುತ್ತಿದ್ದರು. ತನಗೆ ನಾಗಪುರದ ಕಡೆ ಬೇರೆ ಕೆಲಸ ಸಿಕ್ಕಿದೆ, ಮಳೆಗಾಲದ ಮೊದಲು ಹೋಗಬೇಕು, ಅವಳು ಮದುವೆಯಾಗಿ ಜೊತೆಗೆ ಬರುವುದಾದರೆ ಮನೆಗೆ ಬಂದು ಅಣ್ಣನನ್ನು ಕೇಳುತ್ತೇನೆ, ಎಂದು.

"ಘಾಈ ನಾಹೀ," ಎಂದರು ದಾಮಲೆ. ಅವಸರವಿಲ್ಲ. "ಉದ್ಯಾ ವರ ಪೋಹೋಚಲ್ಯಾವರ ಸಾಂಗಾ." ನಾಳೆ ಮೇಲೆ ತಲುಪಿದ ಮೇಲೆ ಹೇಳಿ.

ಅತ್ತಿ ನಕ್ಕಳು. ಮೇಲೆ ತಲುಪಿದ ಮೇಲೆ ಮೊದಲು ನಿಮ್ಮ ಉಸಿರು ನೆಟ್ಟಗಾಗಲಿ, ಆಮೇಲೆ ನನ್ನ ಮಾತು ಕೇಳುವಿರಂತೆ, ಎಂಬರ್ಥದ್ದೇನೋ ಹೇಳಿದಳು. ಕಲ್ಯಾಣದ ಆಚೆಯ ನಗು.

ನನಗೆ ಆಗ ಸಂತೋಷವಾಯಿತು ಎಂದು ಬರೆಯಲು ಕೈ ಹೋಗುತ್ತದೆ. ಆಯಿತೆ? ಅವಳಿಲ್ಲದ ಡೊಂಬಿವಲಿಯ ಮನೆ ಕಣ್ಣಿಗೆ ಬಂದಿರಲೂಬಹುದು. ಬಂದಿತ್ತು ಎಂದು ಈಗ ನಾನು ಸೇರಿಸುತ್ತಿರಲೂಬಹುದು. ಅತ್ತಿ ಡೇರೆಗೆ ಬಂದಾಗ ನಾನು ನಿದ್ದೆ ಹೋದವಳಂತೆ ಮಲಗಿದ್ದೆನೋ, ಎದ್ದು ಏನಾದರೂ ಕೇಳಿದೆನೋ ಅದೂ ನೆನಪಿಲ್ಲ. ಅವಳು ನನ್ನ ಕಾಲಿಗೆ ತನ್ನ ಶಾಲು ಹೊದಿಸಿದ್ದು ಮಾತ್ರ ಖಚಿತ, ಬೆಳಿಗ್ಗೆ ಅದು ನನ್ನ ಮೇಲಿತ್ತು.

ಹತ್ತುವ ಕಷ್ಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಮಲಂಗಗಡ ಬಿಸಿಲಿನಲ್ಲಿ ಸುಡುತ್ತಿತ್ತು, ಇದು ಉಸಿರನ್ನೇ ಕಸಿಯುತ್ತಿತ್ತು. ಮೊದಲು ದೇವದಾರು ಮರಗಳು, ಆಮೇಲೆ ಹುಲ್ಲು, ಆಮೇಲೆ ಬರೀ ಕಲ್ಲು. ಪ್ರತಿ ಏರಿನ ತುದಿಯಲ್ಲೂ ಇದೇ ಕೊನೆಯದೆಂದು ನಂಬಿ ಮೇಲೆ ಬಂದರೆ ಅದರ ಹಿಂದೆ ಇನ್ನೊಂದು. ನಿಧಾನದವಳಾದ್ದರಿಂದ ನಾನು ದಾಮಲೆಯವರ ಬೆನ್ನಿಗೇ ಇದ್ದೆ. ಅವರ ಬೂಟಿನ ಹಿಮ್ಮಡಿ ಬಿಟ್ಟು ಬೇರೇನೂ ಕಾಣಲಿಲ್ಲ. ತಲೆ ಸಿಡಿಯುತ್ತಿತ್ತು, ಬಾಯಲ್ಲಿ ಕಬ್ಬಿಣದ ರುಚಿ. ಅವರು ಆಗಾಗ ಸೀಟಿ ಊದುತ್ತಿದ್ದರು, ಕೆಳಗಿನಿಂದ ಅತ್ತಿಯ ಎರಡು ಗಿಡ್ಡ ಉತ್ತರಗಳು ಬರುತ್ತಿದ್ದವು.

ಕೊನೆಯ ಏರಿನಲ್ಲಿ ಒಂದು ಕಪ್ಪು ಬಂಡೆಯ ಹತ್ತಿರ ಹಿಮ ಶುರುವಾಯಿತು. ದಾಮಲೆ ನನ್ನ ಕೈ ಹಿಡಿದು ಅದರ ಮೇಲೆ ಹತ್ತಿಸಿದರು, ನಿಂತು ಊದಿದರು. ಎರಡು ಉತ್ತರ ಬಂದವು. ನಾವು ಮುಂದೆ ನಡೆದೆವು.

ಮೇಲೆ ಯಾರೋ ಕಲ್ಲು ಪೇರಿಸಿ ಹರಕು ಬಾವುಟ ಕಟ್ಟಿದ್ದರು. ಸುತ್ತ ಎಲ್ಲ ದಿಕ್ಕಿಗೂ ಬಿಳಿ, ಸದ್ದಿಲ್ಲ. ನಾನು ಹಿಮದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಚೆಲುವಿಗೆ ಅತ್ತೆನೆಂದು ಗೆಳತಿಯರಿಗೆ ಆಮೇಲೆ ಹೇಳಿದ್ದೇನೆ, ನಿಜವಾಗಿ ಕಾಲುನೋವಿಗೆ. ಒಬ್ಬೊಬ್ಬರಾಗಿ ಉಳಿದವರು ಬಂದರು. ನಗು, ಫೋಟೋ, ಹಿಮದ ಉಂಡೆ ಎಸೆಯುವುದು. ಅತ್ತಿ ಬಂದಿಲ್ಲವೆಂದು ಗೊತ್ತಾಗಲು ಹೊತ್ತು ಹಿಡಿಯಿತು. ಕೊನೆಯವರು ಬಂದೇ ಬರುತ್ತಾರೆ ಎಂಬ ನಂಬಿಕೆಯಿಂದ ಅವರಿಗಾಗಿ ಯಾರೂ ನೋಡುವುದಿಲ್ಲ.

ದಾಮಲೆ ಅಂಚಿಗೆ ಹೋಗಿ ಕೆಳಗೆ ನೋಡಿದರು. ನಾನೂ ಹೋದೆ. ಹಿಮ ಶುರುವಾಗುವಲ್ಲಿಯ ಕಪ್ಪು ಬಂಡೆಯ ಮೇಲೆ ಅತ್ತಿ ಕೂತಿದ್ದಳು. ಮಲಗಿರಲಿಲ್ಲ, ಬಳಲಿ ಬಿದ್ದಿರಲಿಲ್ಲ. ಮೊಣಕಾಲು ಜೋಡಿಸಿ, ಮೇಲಕ್ಕೆ ಮುಖ ಮಾಡಿ, ಸ್ಟೇಶನ್ನಿನ ಬೆಂಚಿನ ಮೇಲೆ ಕೂತವಳ ಹಾಗೆ. ದಾಮಲೆ ಊದಿದರು. ಅವಳ ಕೈ ಬಾಯಿಗೆ ಹೋದದ್ದು ಕಂಡಿತು, ಆಮೇಲೆ ಸದ್ದು ತಲುಪಿತು: ಎರಡು ಗಿಡ್ಡ ಸೀಟಿ. ಏಳಲಿಲ್ಲ. ಅವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿದರು. ಮತ್ತೆ ಅದೇ ಉತ್ತರ. ಮೂರನೆಯ ಸಲ ಅವರು ಸೀಟಿಯನ್ನು ತುಟಿಯವರೆಗೆ ತಂದು, ಊದದೆ ಜೇಬಿಗೆ ಹಾಕಿದರು.

ನಾನು ಚಟ್ನಿಪುಡಿಯ ಡಬ್ಬಿ ಖಾಲಿ ಮಾಡಿ ಅತ್ತಿಗಾಗಿ ಹಿಮ ತುಂಬಿಕೊಂಡೆ. ಇಳಿಯುವಾಗ ದಾಮಲೆ ಬಂಡೆಯ ಹತ್ತಿರ ಕ್ಷಣ ನಿಂತರು. ಅತ್ತಿ ಅವರಿಗೆ ಮರಾಠಿಯಲ್ಲಿ, "ದಾರಿ ಜಾರುತ್ತದೆ, ಹುಡುಗಿಯನ್ನು ನೋಡಿಕೊಳ್ಳಿ" ಎಂದಳು. ಅವರು ತಲೆಯಾಡಿಸಿ ಮುಂದೆ ಹೋದರು. ನಾವೆಲ್ಲ ದಾಟುವವರೆಗೆ ಕೂತಿದ್ದು, ಆಮೇಲೆ ಎದ್ದು ಅವಳು ಸಾಲಿನ ಬಾಲ ಹಿಡಿದಳು.

ಡೇರೆಗೆ ಬಂದು ಡಬ್ಬಿ ತೆರೆದರೆ ಹಿಮವೆಲ್ಲ ಕರಗಿ ಕೆಂಪು ನೀರಾಗಿತ್ತು. ಅತ್ತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು.

"ಹೆಂಗದ ಅತ್ತಿ?"

"ಖಾರ ಅದ," ಎಂದಳು. "ನಿಮ್ಮವ್ವ ಉಪ್ಪು ಕಡಿಮಿ ಹಾಕ್ಯಾಳ."

ಕಲ್ಯಾಣ ಬರುವ ಮೊದಲು ಅವಳು ಸೀರೆ ಉಟ್ಟುಕೊಂಡಿದ್ದಳು. ಮನೆಯಲ್ಲಿ ಅಜ್ಜಿ ಕೇಳಿದಳು, "ಹಿಮಾ ನೋಡಿ ಬಂದಿಯೇನ, ಇಂದೂ?"

"ನೋಡಿ ಬಂದೆ, ಅವ್ವಾ. ಬೆಳ್ಳಗಿತ್ತು."

ಸೋಮವಾರ ಅವಳು ಎಂದಿನ ಲೋಕಲ್ ಹಿಡಿದಳು. ದಾಮಲೆ ಮಳೆಗಾಲದ ಮೊದಲೇ ಹೋದರು. ನಮ್ಮ ಮನೆಗೆ ಬರಲಿಲ್ಲ. ಮಂಡಳಿಯವರು ಕೊಟ್ಟ ಫೋಟೋದಲ್ಲಿ ಅವರ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿದೆ. ಇದೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಹೋದ ದೀಪಾವಳಿಗೆ ಟ್ರಂಕಿನಿಂದ ತೆಗೆದು ನೋಡಿದರೆ ಅಲ್ಲಿ ಯಾರೋ ಹುಡುಗಿ ನಿಂತು ನಗುತ್ತಿದ್ದಾಳೆ. ನಾನು ಬಿ.ಎ. ಮುಗಿಸಿದೆ, ಎಂ.ಎ. ಮುಗಿಸಿದೆ, ಮದುವೆಯಾಗಿ ನೆರೂಳಿಗೆ ಬಂದೆ. ಅತ್ತಿ ಮತ್ತೆ ಗುಡ್ಡ ಹತ್ತಲಿಲ್ಲ. ಭಾನುವಾರ ಹೋಗೋಣವೇ ಎಂದರೆ, "ಕಾಲು ನೋಯ್ತಾವ" ಎನ್ನುತ್ತಿದ್ದಳು. ಅದೇ ಕಾಲುಗಳಲ್ಲಿ ಇಂದಿಗೂ ಡೊಂಬಿವಲಿಯಲ್ಲಿ ಗಾಡಿ ನಿಲ್ಲುವ ಮೊದಲೇ ಹತ್ತುತ್ತಾಳೆ.

ಮೊನ್ನೆ ಸಂಜೆ ಅವಳನ್ನು ಬಸ್ಸಿಗೆ ಬಿಡಲು ಹೋದೆ. ನೆರೂಳಿಗೆ ರೈಲು ಬರುತ್ತದೆ ಬರುತ್ತದೆ ಎನ್ನುತ್ತಾರೆ, ಇನ್ನೂ ಬಂದಿಲ್ಲ. ಸೆಕ್ಟರುಗಳ ನಡುವೆ ಅಗೆದು ಬಿಟ್ಟ ಮಣ್ಣಿನ ಗುಡ್ಡೆಗಳು, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ದಾರಿ. ಅಭ್ಯಾಸದಂತೆ ನಾನು ಮುಂದೆ, ಅವಳು ಹಿಂದೆ. ಅರ್ಧ ದಾರಿಗೆ ನನಗೆ ಅದು ಹೊಳೆಯಿತು. ನಿಂತು, "ಅತ್ತಿ, ನೀ ಮುಂದ ನಡಿ" ಎಂದೆ.

"ನನಗೆಲ್ಲಿ ಗೊತ್ತವ್ವಾ ಇಲ್ಲಿ ದಾರಿ?"

"ಒಂದ ದಾರಿ ಅದ. ನಡಿ."

ಅವಳು ಮುಂದೆ ನಡೆದಳು. ಆದರೆ ಆ ನಡಿಗೆ ಅವಳದಾಗಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವಳು, ನಾನಿದ್ದೇನೆಯೇ ಎಂದು ಹೊರಳಿ ನೋಡುವಳು, ಮತ್ತೆ ನಾಲ್ಕು ಹೆಜ್ಜೆ. ಅವಳ ಬೆನ್ನನ್ನು ನಾನು ಹಾಗೆ ಹಿಂದಿನಿಂದ ಎಂದೂ ನೋಡಿರಲಿಲ್ಲ. ತುಸು ಬಾಗಿದೆ. ಅದು ಯಾವಾಗ ಬಾಗಿತೋ ತಿಳಿಯದು. ಬೆನ್ನಿಗೆ ಕೇಳುವುದು ಸುಲಭವಾಯಿತು, ಕೇಳಿಬಿಟ್ಟೆ. ಅವಳು ನಿಲ್ಲಲಿಲ್ಲ, ಈ ಸಲ ಹೊರಳಿಯೂ ನೋಡಲಿಲ್ಲ. ಬಸ್ಸು ನಿಂತೇ ಇತ್ತು. ಹತ್ತಿ, ಕಿಟಕಿಯ ಪಕ್ಕ ಕೂತು, ಮೊಣಕಾಲು ಜೋಡಿಸಿ ಅದರ ಮೇಲೆ ಚೀಲ ಇಟ್ಟುಕೊಂಡು, ಬಸ್ಸು ಹೊರಡುವವರೆಗೂ ನನ್ನನ್ನೇ ನೋಡುತ್ತಿದ್ದಳು. ನಾನು ಕೇಳಿದ್ದು ಇಷ್ಟೆ:

"ಅತ್ತಿ, ಅವತ್ತು ನಮ್ಮೊಳಗ ಯಾರರೆ ಒಬ್ಬರು ಹೊಳ್ಳಿ ನೋಡಿದ್ರ, ನೀ ಮ್ಯಾಲೆ ಬರ್ತಿದ್ದೇನ?"