ಕೊಂದ್ಹಾಕ್ತೀನಿ ಅನ್ನುವ ಮಾತು

ನಮ್ಮ ಮನೆಯಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹಗಲೆಲ್ಲ ಕ್ರ್ಯಾನ್‌ಬರಿ ಎಂಬ ಊರಿನ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸಿ, ಸಂಜೆ ಕಾಲೇಜಿಗೆ ಓಡಿ ಸಂಪಾದಿಸಿದ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದರಿಂದಲೇ ನ್ಯೂಜೆರ್ಸಿಯ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಪರಾಧದಿಂದ ನೊಂದವರಿಗೆ, ಸಾಕ್ಷಿಗಳಿಗೆ ದಾರಿ ತೋರಿಸುವ ಕೆಲಸ. ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ, "ಮಗಳು ಲಾಯರ್ ಆಫೀಸಲ್ಲಿದಾಳೆ" ಎಂದಳು. ಯಾರ ಲಾಯರ್ ಎಂದು ಯಾರೂ ಕೇಳಲಿಲ್ಲ.

ಅದನ್ನು ನಮಗೆ ಮೊದಲ ವಾರವೇ ಪಾಠದಂತೆ ಹೇಳಿಕೊಟ್ಟಿದ್ದರು. ಬ್ರಿಟಿಷರ ಕಾಲದಲ್ಲಿ ಇಡೀ ವಸಾಹತಿಗೆ ಒಬ್ಬ ಅಟಾರ್ನಿ ಜನರಲ್, ರಾಜನ ಪರವಾಗಿ ವಾದಿಸುವವನು. ರಾಜ ಹೋದ ಮೇಲೆ ಆ ಜಾಗಕ್ಕೆ ರಾಜ್ಯ ಬಂತು, ಕೌಂಟಿಗೊಬ್ಬ ಪ್ರಾಸಿಕ್ಯೂಟರ್ ಬಂದ. ಹೊಳೆಯಾಚೆ ನ್ಯೂಯಾರ್ಕಿನಲ್ಲಿ ಈ ಹುದ್ದೆಗೆ ವೋಟು ಕೇಳಿ ಗೆಲ್ಲಬೇಕು. ನಮ್ಮಲ್ಲಿ ಗವರ್ನರ್ ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು. ಹೇಗೆ ಬಂದರೂ ಅವರು ರಾಜ್ಯದ ವಕೀಲರು. ಪೆಟ್ಟು ತಿಂದವನ ವಕೀಲರಲ್ಲ. ನಮ್ಮ ಜನಕ್ಕೆ ಇದನ್ನು ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯಸ್ಸು ಸವೆದಿದೆ.

ಮೈಸೂರಿನ ಕಡೆಯ ಅಣ್ಣತಮ್ಮಂದಿರಿಬ್ಬರ ಕೇಸು ಬಂದಾಗಲೂ ಹಾಗೇ ಆಯಿತು. ಇಬ್ಬರೂ ಸೇರಿ ಕೇಟರಿಂಗ್ ನಡೆಸುತ್ತಿದ್ದರು. ತಮ್ಮ ಒಂದೇ ಭಾನುವಾರಕ್ಕೆ ಎರಡು ನಾಮಕರಣದ ಅಡುಗೆ ಒಪ್ಪಿಕೊಂಡುಬಿಟ್ಟಿದ್ದ. ಅಣ್ಣ ಅಡುಗೆಮನೆಯಲ್ಲಿ ಕೂಗಾಡಿ, "ನಿನ್ನ ಕೊಂದ್ಹಾಕ್ತೀನಿ ಕಣೋ" ಎಂದ. ಪಕ್ಕದವರು ಪೊಲೀಸರನ್ನು ಕರೆದರು. ಏನಂದ ಎಂದು ಪೊಲೀಸರು ಕೇಳಿದಾಗ ತಮ್ಮನ ಮಗಳು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವಳ ಅನುವಾದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಣ್ಣನ ಮೇಲೆ ಕೊಲೆಬೆದರಿಕೆಯ ಆರೋಪ ಬಿತ್ತು, ತಮ್ಮನ ಹತ್ತಿರ ಸುಳಿಯಕೂಡದು, ಫೋನ್ ಕೂಡ ಮಾಡಕೂಡದು ಎಂಬ ಆದೇಶವೂ ಬಂತು. ಅಣ್ಣನದು ಗ್ರೀನ್ ಕಾರ್ಡ್, ಪೌರತ್ವ ಇನ್ನೂ ಇಲ್ಲ. ಆರೋಪ ಸಾಬೀತಾದರೆ ದೇಶವನ್ನೇ ಬಿಡಬೇಕಾಗಬಹುದು.

ತಮ್ಮ ನನ್ನ ಮೇಜಿನ ಮುಂದೆ ಕೂತವರೇ ಹೇಳಿದರು, "ನೋಡಮ್ಮಾ, ನನ್ನ ಕಡೆಯಿಂದ ರಾಜಿ ಆಗೋಯ್ತು. ಕೇಸ್ ವಾಪಸ್ ತಗೋತೀನಿ, ಎಲ್ಲಿ ಸೈನ್ ಹಾಕ್ಬೇಕು ಹೇಳು."

"ಅಂಕಲ್, ಕೇಸ್ ನಿಮ್ದಲ್ಲ. ಸ್ಟೇಟ್‌ದು."

"ಬೈಸ್ಕೊಂಡೋನು ನಾನು, ಸ್ಟೇಟ್‌ನ ಯಾರು ಬೈದ್ರು?"

ನಗು ಬಂತು, ನಗಲಿಲ್ಲ. ನನ್ನ ಅಜ್ಜಿ ಹಾಲು ಚೆಲ್ಲಿದ್ದಕ್ಕೂ ನನ್ನನ್ನು ಕೊಂದುಹಾಕುತ್ತಿದ್ದಳು. ಆ ಮಾತಿಗೆ ನಮ್ಮಲ್ಲಿ ಎಷ್ಟು ತೂಕ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೆ ನಾನು ದುಭಾಷಿಯಲ್ಲ, ನನ್ನ ಕನ್ನಡಕ್ಕೆ ಸರ್ಟಿಫಿಕೇಟ್ ಇಲ್ಲ. ಏನು ಹೇಳಬೇಕೆಂದು ಸಾಕ್ಷಿಗೆ ಹೇಳಿಕೊಡುವುದಂತೂ ದೊಡ್ಡ ತಪ್ಪು. ಹಾಗಾಗಿ ಸ್ಪೀಕರ್ ಫೋನಿನಲ್ಲಿ ಎಲ್ಲಿಯದೋ ಒಬ್ಬ ದುಭಾಷಿ, ಎದುರಿಗೆ ಸಹಾಯಕ ಪ್ರಾಸಿಕ್ಯೂಟರ್, ಮಧ್ಯೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಅಣ್ಣನನ್ನು ಉಳಿಸಬೇಕೆಂಬ ಆತುರದಲ್ಲಿ ಅಂಕಲ್ ಶುರುಮಾಡಿದರು. "ಅಯ್ಯೋ, ಅದೇನ್ ದೊಡ್ಡ ವಿಷಯ ಸಾರ್. ಅವನು ದಿನಾ ಹಾಗೇ ಅಂತಾನೆ."

ದಿನಾಲೂ ಕೊಲ್ಲುವುದಾಗಿ ಬೆದರಿಸುತ್ತಾನೆ ಎಂದು ಫೋನು ಇಂಗ್ಲಿಷಿನಲ್ಲಿ ಹೇಳಿತು. ಪ್ರಾಸಿಕ್ಯೂಟರ್ ಪೆನ್ನು ಕೈಗೆ ತೆಗೆದುಕೊಂಡ. "ಎಷ್ಟು ವರ್ಷದಿಂದ?"

"ಚಿಕ್ಕೋನಿದ್ದಾಗಿಂದ," ಎಂದರು ಅಂಕಲ್, ಅಭಿಮಾನದಿಂದ.

ನನಗೆ ಮೈ ಪರಚಿಕೊಳ್ಳುವಂತಾಯಿತು. ಪ್ರಾಸಿಕ್ಯೂಟರನನ್ನು ಹೊರಗೆ ಕರೆದು, ಇದು ನಮ್ಮಲ್ಲಿ ಬೈಗುಳ, ಬೆದರಿಕೆಯಲ್ಲ, ಅವರಿಗೆ ಭಯವಾಯಿತೇ ಎಂದಾದರೂ ಕೇಳು ಎಂದೆ. "ಕೇಳ್ತೀನಿ, ಆದರೆ ನೀನು ಅವರ ವಕೀಲೆಯಲ್ಲ," ಎಂದ. ನಾನು ಎಲ್ಲರಿಗೂ ಹೇಳುವ ಮಾತನ್ನು ನನಗೇ ಹೇಳಿದ. ಗೋದಾಮಿನಲ್ಲಿ ಸೂಪರ್‌ವೈಸರ್ ಬೈದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಒಳಗೆ ಬಂದು ಕೇಳಿದ. ದುಭಾಷಿ ಕನ್ನಡಕ್ಕೆ ತಂದ, "ಆ ದಿನ ನಿಮಗೆ ಭಯ ಆಯ್ತಾ?"

ಇಲ್ಲ ಎಂಬ ಒಂದು ಪದ ಸಾಕಿತ್ತು. ಅಂಕಲ್ ಫೋನಿನ ಕಡೆ ನೋಡದೆ ನನ್ನತ್ತ ತಿರುಗಿದರು. "ಏನ್ ಹೇಳ್ಲಮ್ಮಾ?"

ಪ್ರಾಸಿಕ್ಯೂಟರ್ ನನ್ನ ಮುಖವನ್ನೇ ನೋಡುತ್ತಿದ್ದ. "ನಿಜ ಹೇಳಿ ಅಂಕಲ್," ಎಂದೆ.

ಅವರು ಫೋನಿನ ಕಡೆ ತಿರುಗಿದರು. "ದಿನಾ ಆಗಲ್ಲ. ಆವತ್ತು ಅವನು ಈರುಳ್ಳಿ ಹೆಚ್ತಾ ಇದ್ದ. ಚಾಕು ಕೈಯಲ್ಲೇ ಇತ್ತು, ಹಾಗೇ ಎದ್ದು ಬಂದ. ಆವತ್ತು ಚೂರು ಆಯ್ತು."

ಚಾಕುವಿನ ಮಾತು ಅಲ್ಲಿಯವರೆಗೆ ಎಲ್ಲೂ ಬಂದಿರಲಿಲ್ಲ. ಪ್ರಾಸಿಕ್ಯೂಟರ್ ಬರೆದುಕೊಂಡ. ಕೈಬಿಡುವ ಪ್ರಶ್ನೆಯಿಲ್ಲ, ವಿಚಾರಣೆ ನಡೆಯಬೇಕೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿಯ ಮುಂದೆ ಕೇಸು ಹೋಗುತ್ತದೆ ಎಂದ. ಬೈಗುಳ ಎಂದು ಅಷ್ಟು ಖಚಿತವಾಗಿ ಹೇಳಿ ಬಂದಿದ್ದವಳು ನಾನೇ.

ಲಿಫ್ಟಿನವರೆಗೆ ಜೊತೆಗೆ ಹೋದೆ. ಅಣ್ಣ ತನ್ನ ವಕೀಲರಲ್ಲದೆ ಒಬ್ಬ ಇಮಿಗ್ರೇಷನ್ ವಕೀಲರನ್ನೂ ಬೇಗ ನೋಡಬೇಕು ಎಂದೆ.

"ಅವನಿಗೆ ಯಾರು ಹೇಳ್ತಾರೆ? ಅವನು ನನ್ನ ಹತ್ರ ಮಾತಾಡೋ ಹಾಗಿಲ್ಲ. ನೀನೇ ಒಂದು ಫೋನ್ ಮಾಡ್ಬಿಡಮ್ಮಾ."

"ನಾನೂ ಮಾಡೋ ಹಾಗಿಲ್ಲ ಅಂಕಲ್. ನಾನು ಈ ಆಫೀಸಿನವಳು."

"ನಮ್ಮೋಳು ಅಂದ್ಕೊಂಡಿದ್ದೆ," ಎಂದು ಲಿಫ್ಟಿನೊಳಗೆ ಹೋದರು.